ಸಾಕ್ಷಿ ಹೇಳುವಾಗ ನುಂಗಿದ ಮಾತು



ಉದ್ದದ ಪೋಸ್ಟು ಇದು, ಪುರುಸೊತ್ತಿದ್ದಾಗ ಓದಿ. ಒಂದೂವರೆ ವರ್ಷದಿಂದ ಬರೀಬೇಕು ಅಂದ್ಕೊಂಡು ಮುಂದಕ್ಕೆ ತಳ್ತಾ ಬಂದಿದ್ದೆ. ಬರೆದರೆ ಚರ್ಚಿನವರು "ದೇವರ ಕೆಲಸಕ್ಕೆ ಮಸಿ ಬಳಿದಳು" ಅಂತಾರೆ. ಸಂಘಟನೆಯ ಗೆಳೆಯರು "ನಾವು ಅವತ್ತೇ ಹೇಳಿದ್ವಲ್ಲ, ಬಾಬಾಸಾಹೇಬರು ತೋರಿಸಿದ ದಾರಿ ಬಿಟ್ಟು ಅಲ್ಲೇನು ಹುಡುಕ್ತೀಯ" ಅಂತಾರೆ. ಇಬ್ಬರಿಗೂ ಹೆದರಿ ಸುಮ್ಮನಿದ್ದೆ. ಮೊನ್ನೆ ಸಮೀಕ್ಷೆಯ ಮೇಷ್ಟ್ರು ನಮ್ಮನೆಗೆ ಬಂದು ಹೋದ ಮೇಲೆ ಇನ್ನು ಸುಮ್ಮನಿರೋದು ಸರಿಯಲ್ಲ ಅನ್ನಿಸ್ತು. ಅದನ್ನ ಕೊನೆಗೆ ಹೇಳ್ತೀನಿ.

ನಾನು ನರ್ಸ್ ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಕೀನ್ಯಾದಲ್ಲಿ ಮೂರು ವರ್ಷ ಇದ್ದೆ ಅನ್ನೋದು ಕೆಲವರಿಗೆ ಮಾತ್ರ ಗೊತ್ತು. ಒಂದು ಮಿಷನ್ ಸಂಸ್ಥೆ ಕಳಿಸಿತ್ತು. ನಾರೋಕ್ ಪಟ್ಟಣದಿಂದ ಒಳಗೆ, ಮಸಾಯಿ ಜನರ ನಡುವೆ ಒಂದು ಸಣ್ಣ ದವಾಖಾನೆ. ಹೆರಿಗೆ, ಮಕ್ಕಳ ಲಸಿಕೆ, ಮಲೇರಿಯಾ, ಸುಟ್ಟ ಗಾಯ. ಗಂಟೆಗಟ್ಟಲೆ ನಡೆದು ಬರೋ ಬಸುರಿ ಹೆಂಗಸರು. ಬೀದರ್ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡಿದವಳಿಗೆ ಆ ಕೆಲಸ ಹೊಸದೇನಲ್ಲ. ಹೊಸದು ಅಂದ್ರೆ ಅಲ್ಲಿ ನನ್ನನ್ನ ಕೇಳ್ತಿದ್ದ ಒಂದು ಪ್ರಶ್ನೆ.

ಸ್ವಾಹಿಲಿಯಲ್ಲಿ "ಕಬೀಲ" ಅಂತ ಒಂದು ಪದ ಇದೆ. ಬುಡಕಟ್ಟು, ಕುಲ ಅಂತ ಅರ್ಥ. ಪರಿಚಯ ಆಗಿ ಎರಡನೇ ಮಾತಿಗೇ "ನಿಂದು ಯಾವ ಕಬೀಲ?" ಅಂತ ಕೇಳ್ತಾರೆ. ಅದರಲ್ಲಿ ಮುಜುಗರ ಇಲ್ಲ. ನಾನು ಕಿಕುಯು, ನಾನು ಲುವೋ, ನಾನು ಕಲೆಂಜಿನ್ ಅಂತ ಅವರೂ ಹೇಳ್ಕೋತಾರೆ. ನಾನು ಮಾತ್ರ ಪ್ರತಿ ಸಲ "ನಮ್ಮ ದೇಶದಲ್ಲಿ ಕಬೀಲ ಇಲ್ಲ, ನಾನು ಇಂಡಿಯನ್" ಅಂತ ಹೇಳಿ ನಗ್ತಿದ್ದೆ. ಎಂಟು ಸಾವಿರ ರೂಪಾಯಿ ಬಾಡಿಗೆ ಮನೆಗೆ ಬೀದರಿನಲ್ಲಿ "ಮಂದಿ ಯಾರು ನೀವು?" ಅಂತ ಕೇಳಿಸಿಕೊಂಡು ವಾಪಸ್ ಬಂದವಳು ನಾನು. ಸಾವಿರಾರು ಮೈಲಿ ದೂರ ಹೋದ ಮೇಲೂ ಆ ಪ್ರಶ್ನೆಗೆ ಬಾಯಿ ತಾನಾಗೇ ಸುಳ್ಳು ಹೇಳ್ತಿತ್ತು.

ಕಬೀಲ ಅಂದ್ರೆ ಅಲ್ಲೇನು ಹೂವಿನ ಹಾರ ಅಲ್ಲ. 2007ರ ಡಿಸೆಂಬರಿನ ಚುನಾವಣೆ ಆದ ಮೇಲೆ ಕೀನ್ಯಾದಲ್ಲಿ ನಡೆದ ಹಿಂಸೆಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. 2008ರ ಜನವರಿ 1ರಂದು ಎಲ್ಡೊರೆಟ್ ಹತ್ತಿರ ಕಿಯಾಂಬಾ ಅನ್ನೋ ಊರಲ್ಲಿ, ಜೀವ ಉಳಿಸಿಕೊಳ್ಳೋಕೆ ಚರ್ಚಿನೊಳಗೆ ಹೊಕ್ಕಿದ್ದ ಹೆಂಗಸರು ಮಕ್ಕಳನ್ನ ಚರ್ಚಿನ ಸಮೇತ ಸುಟ್ಟರು. ಸುಟ್ಟವರೂ ಸತ್ತವರೂ ಅದೇ ಯೇಸುವಿನ ಹೆಸರು ಹೇಳುವ ನಾಡಿನವರು. ಆಮೇಲೆ ಅಲ್ಲಿನ ಚರ್ಚುಗಳ ನಾಯಕರು ನಾವೂ ಕುಲ ನೋಡಿ ಪಕ್ಷ ವಹಿಸಿದ್ವಿ, ತಪ್ಪಾಯ್ತು ಅಂತ ಬಹಿರಂಗವಾಗಿ ಒಪ್ಪಿಕೊಂಡರು. ಒಪ್ಪಿಕೊಂಡ ಮಾತ್ರಕ್ಕೆ ಎಲ್ಲ ಸರಿಹೋಯ್ತು ಅಂತ ನಾನು ಹೇಳ್ತಿಲ್ಲ. ಆದರೆ ಭಾನುವಾರದ ಪ್ರಾರ್ಥನೆಯಲ್ಲಿ "ನಮ್ಮ ಕಬೀಲದ ಗರ್ವ ಕ್ಷಮಿಸು" ಅಂತ ಪಾಸ್ಟರ್ ಗಟ್ಟಿಯಾಗಿ ಹೇಳೋದನ್ನ ನಾನು ಅಲ್ಲಿ ಕಿವಿಯಾರೆ ಕೇಳಿದ್ದೀನಿ. ಮೊದಲ ಸಲ ಕೇಳಿದಾಗ ಮೈ ಜುಂ ಅಂದಿತ್ತು. ನಮ್ಮ ಚರ್ಚಿನಲ್ಲಿ ಹುಟ್ಟಿದಾಗಿನಿಂದ ಎಷ್ಟು ಪಾಪಗಳ ಹೆಸರು ಕೇಳಿದ್ದೀನಿ: ಕುಡಿತ, ಸಿನಿಮಾ, ಸುಳ್ಳು, ವ್ಯಭಿಚಾರ. ಜಾತಿ ಅನ್ನೋ ಪಾಪದ ಹೆಸರು ಆ ಪಟ್ಟಿಯಲ್ಲಿ ಕೇಳಿರಲೇ ಇಲ್ಲ.

ದವಾಖಾನೆ ಗುಡಿಸಿ ಒರೆಸೋಕೆ ಒಬ್ಬ ವಯಸ್ಸಾದ ಮಸಾಯಿ ಹೆಂಗಸು ಬರ್ತಿದ್ದಳು. ಬೇರೆ ಹೆಂಗಸರು ಅವಳ ಜೊತೆ ಮಾತಾಡ್ತಿದ್ದರು, ನಗ್ತಿದ್ದರು. ಆದರೂ ಏನೋ ಒಂದು ಸಣ್ಣ ದೂರ ಇತ್ತು. ಆ ದೂರ ಗುರುತಿಸೋಕೆ ನಮಗೆ ಯಾರೂ ಪಾಠ ಹೇಳಬೇಕಿಲ್ಲ ಅಲ್ವಾ? ಕೇಳಿದೆ. ಅವಳು ಕಮ್ಮಾರರ ಮನೆಯವಳು. ಮಸಾಯಿಗಳಲ್ಲಿ ಕಬ್ಬಿಣ ಬಡಿಯೋ ಜನಕ್ಕೆ ಇಲ್ಕುನೋನೊ ಅಂತಾರೆ. ಅವರು ಮಾಡಿದ ಈಟಿ ಬೇಕು, ಕತ್ತಿ ಬೇಕು, ದನಕ್ಕೆ ಕಟ್ಟೋ ಗಂಟೆ ಬೇಕು. ಹೆಣ್ಣು ಕೊಡೋದಿಲ್ಲ, ತರೋದಿಲ್ಲ. ಹಿಂದಿನವರು ಅವರ ಕೈಯಿಂದ ಆಯುಧ ತಗೊಳ್ಳುವಾಗ ಮೈಲಿಗೆ ಆಗದಿರಲಿ ಅಂತ ಕೈಗೆ ಕೊಬ್ಬು ಸವರಿಕೊಳ್ತಿದ್ದರಂತೆ.

ಅವತ್ತು ನಾನು ನನ್ನ ಹರಕು ಸ್ವಾಹಿಲಿಯಲ್ಲಿ ಅವಳಿಗೆ ಹೇಳಿದೆ: "ನಮ್ಮ ಮುತ್ಯಾ ಚಪ್ಪಲಿ ಹೊಲೀತಿದ್ದ. ಊರಿನ ಕಾಲಿಗೆಲ್ಲ ಅವನ ಚಪ್ಪಲಿ ಬೇಕಿತ್ತು. ಊರಿನ ಬಾವಿಗೆ ಅವನು ಬೇಡವಾಗಿದ್ದ." ಮೂರು ವರ್ಷದಲ್ಲಿ ನಾನು ನನ್ನ ಕಬೀಲ ಹೇಳಿದ್ದು ಅವಳೊಬ್ಬಳಿಗೇ. ಅವಳು ಪೊರಕೆ ಕೆಳಗಿಟ್ಟು ನನ್ನ ಕೈ ಹಿಡಿದು ನಕ್ಕಳು. ಅಂದ್ರೆ ನೀನೂ ನಮ್ಮವಳೇ ಅಂದಳು. ಅದಾದ ಮೇಲೆ ದಿನಾ ನನ್ನ ಚಹಾಕ್ಕೆ ಅವಳೇ ಹಾಲು ತರ್ತಿದ್ದಳು.

ಮಿಷನ್ ಸೇವೆ ಅಂದ್ರೆ ನಾವು ಅವರಿಗೆ ಏನೋ ಕೊಡೋಕೆ ಹೋಗೋದು ಅಂದ್ಕೊಂಡಿದ್ದೆ. ನಾನು ಅಲ್ಲಿಂದ ತಂದದ್ದು ಇದು. ಸತ್ಯ ಹೇಳಿದರೆ ಹಾಲು ತರುವ ಒಬ್ಬಳು ಸಿಗ್ತಾಳೆ ಅನ್ನೋದು.

2024ರ ಶುರುವಿನಲ್ಲಿ ವಾಪಸ್ ಬಂದೆ. ಆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಒಂದು ದೊಡ್ಡ ಆರಾಧನಾ ಸಮ್ಮೇಳನ. ಹೆಸರು ಬೇಡ. ಮೂರು ದಿನ, ಏಸಿ ಹಾಕಿದ ದೊಡ್ಡ ಹಾಲ್, ಸಾವಿರಾರು ಜನ. "ಮಿಷನ್ ಫೀಲ್ಡಿನಿಂದ ಬಂದ ಸಹೋದರಿ" ಅಂತ ನನ್ನನ್ನ ಸಾಕ್ಷಿ ಹೇಳೋಕೆ ಕರೆದಿದ್ದರು. ಏಳು ನಿಮಿಷ.

ಬಾಗಿಲಲ್ಲಿ ಕೈಗೆ ಒಂದು ನೀಲಿ ಕಾಗದದ ಪಟ್ಟಿ ಅಂಟಿಸಿದರು. ಅದನ್ನ ಬಿಚ್ಚೋಕೆ ಬರಲ್ಲ, ಕತ್ತರಿಸಬೇಕು ಅಷ್ಟೆ. ಪಟ್ಟಿ ಇದ್ದವರಿಗೆ ಮಾತ್ರ ಪ್ರವೇಶ. ಒಳಗೆ ಕತ್ತಲು, ದೊಡ್ಡ ಪರದೆ ಮೇಲೆ ಹತ್ತು, ಒಂಬತ್ತು, ಎಂಟು ಅಂತ ಅಂಕಿ ಇಳೀತಾ ಬಂದು ಸೊನ್ನೆ ಆದ ತಕ್ಷಣ ಡ್ರಮ್, ಗಿಟಾರ್, ಹೊಗೆ, ನೀಲಿ ನೇರಳೆ ಬೆಳಕು. ಇಂಗ್ಲಿಷ್ ಹಾಡು, ನಂತರ ಹಿಂದಿ, ನಂತರ ತಮಿಳು, ಕನ್ನಡದ್ದೂ ಒಂದೆರಡು.

ನಾನು ಇದನ್ನ ಗೇಲಿ ಮಾಡೋಕೆ ಬರೀತಿಲ್ಲ. ನಿಜ ಹೇಳ್ತೀನಿ, ಮೊದಲ ಹಾಡಿಗೇ ನಾನು ಅತ್ತೆ. ಮೂರು ವರ್ಷ ತಗಡಿನ ಸೂರಿನ ಕೆಳಗೆ ಹಾಡಿದವಳಿಗೆ, ಐದಾರು ಸಾವಿರ ದನಿ ಒಟ್ಟಿಗೆ ಎದ್ದಾಗ ಎದೆ ತುಂಬಿ ಬಂತು. ಪಕ್ಕದಲ್ಲಿದ್ದ ಗುರುತಿಲ್ಲದ ಹುಡುಗಿ ನನ್ನ ಭುಜ ಹಿಡಿದು ಪ್ರಾರ್ಥನೆ ಮಾಡಿದಳು. ಆ ಹುಡುಗಿಯ ಪ್ರೀತಿ ಸುಳ್ಳಲ್ಲ. ನನ್ನ ಕಣ್ಣೀರೂ ಸುಳ್ಳಲ್ಲ. ನಮ್ಮ ನಾಸ್ತಿಕ ಗೆಳೆಯರು ಇದನ್ನ ಓದಿ ನಗಬಹುದು, ನಗಲಿ.

ಎರಡನೇ ದಿನ ಮಧ್ಯಾಹ್ನ ಊಟದ ಮೇಜಿನಲ್ಲಿ ಶುರುವಾಯ್ತು. ಎದುರಿಗೆ ಕೂತ ಒಬ್ಬರು, ಒಳ್ಳೆಯ ಮನುಷ್ಯರೇ, "ಸಿಸ್ಟರ್, ನಿಮ್ಮ ನೇಟಿವ್ ಯಾವುದು?" ಅಂದರು. ಬೀದರ್ ಅಂದೆ. "ಬೀದರ್ ಅಂದ್ರೆ, ಫ್ಯಾಮಿಲಿ ಮೊದಲು ಏನಿತ್ತು? ಎಷ್ಟು ತಲೆಮಾರಿನಿಂದ ಕ್ರಿಶ್ಚಿಯನ್ಸ್?" ಅಂದರು. ಮೂರು ತಲೆಮಾರು ಅಂದೆ. "ಓ, ಆ ಕಡೆ ಮಾಸ್ ಕನ್ವರ್ಷನ್ ಆಗಿತ್ತಲ್ಲ" ಅಂದು ಮೊಸರನ್ನಕ್ಕೆ ಕೈ ಹಾಕಿದರು. ಅಷ್ಟೆ. ಬೈಗುಳ ಇಲ್ಲ, ಅವಮಾನ ಇಲ್ಲ. ಗೊತ್ತಾಗಬೇಕಾದ್ದು ಅವರಿಗೆ ಗೊತ್ತಾಯ್ತು, ಗೊತ್ತಾಯ್ತು ಅನ್ನೋದು ನನಗೂ ಗೊತ್ತಾಯ್ತು. ಕೀನ್ಯಾದವರು ಕಬೀಲ ಅಂತ ನೇರ ಕೇಳ್ತಾರೆ, ನಾವು ನೇಟಿವ್ ಅಂತೀವಿ.

ಆ ಸಂಜೆಯೇ ನನ್ನ ಸಾಕ್ಷಿ. ಕಾರ್ಯಕ್ರಮ ನೋಡಿಕೊಳ್ಳುವವರು ನಾನು ಬರೆದದ್ದನ್ನ ಮೊದಲೇ ಓದಿದರು. ನಾನು ಬರೆದದ್ದು ಆ ಕಮ್ಮಾರರ ಹೆಂಗಸಿನ ಕಥೆ, ಅವಳಿಗೆ ನಾನು ಹೇಳಿದ ನಮ್ಮ ಮುತ್ಯಾನ ಕಥೆ, ಕಬೀಲದ ಪಾಪ ಒಪ್ಪಿಕೊಂಡ ಪ್ರಾರ್ಥನೆಯ ಕಥೆ. ಅವರು ಬಹಳ ಮೃದುವಾಗಿ ಹೇಳಿದರು: "ಸಿಸ್ಟರ್, ತುಂಬಾ ಚೆನ್ನಾಗಿದೆ. ಆದರೆ ಈ ಜಾತಿಯ ಪ್ಯಾರಾ ಬೇಡ. ಜನ ಆರಾಧನೆಗೆ ಬಂದಿದ್ದಾರೆ, ಮನಸ್ಸು ಬೇರೆ ಕಡೆ ಹೋಗುತ್ತೆ. ಕ್ರಿಸ್ತನಲ್ಲಿ ನಮಗೆ ಜಾತಿ ಇಲ್ಲವಲ್ಲ. ಹೆರಿಗೆ ಕಥೆ ಇದೆಯಲ್ಲ, ಅದನ್ನೇ ಸ್ವಲ್ಪ ಉದ್ದ ಮಾಡಿ."

ಆಗ ನಾನೇನು ಮಾಡಿದೆ ಗೊತ್ತಾ? ಭಾಷಣ ಮಾಡಿ ಎದ್ದು ಬಂದೆ ಅಂತ ಬರೆಯೋಕೆ ನನಗೂ ಆಸೆ. ಧರಣಿಗಳಲ್ಲಿ ಮೈಕ್ ಹಿಡಿದು ಕೂಗಿದವಳು ನಾನು. ತಹಶೀಲ್ದಾರರ ಕಚೇರಿ ಮುಂದೆ ಕೂತವಳು. ಅವತ್ತು "ಆಯ್ತು ಬ್ರದರ್" ಅಂದೆ. ಪೆನ್ನು ತಗೊಂಡು ನಾನೇ ಅಡ್ಡ ಗೆರೆ ಎಳೆದೆ. ವೇದಿಕೆ ಹತ್ತಿ ರಾತ್ರಿ ಎರಡು ಗಂಟೆಗೆ ಟಾರ್ಚ್ ಬೆಳಕಿನಲ್ಲಿ ಆದ ಹೆರಿಗೆಯ ಕಥೆ ಹೇಳಿದೆ. ಚಪ್ಪಾಳೆ. ಕೆಲವರು ಎದ್ದು ನಿಂತರು. ಆಫ್ರಿಕಾದ ಬಡತನ ಕೇಳೋಕೆ ಎಲ್ಲರಿಗೂ ಇಷ್ಟ, ಅದು ದೂರದಲ್ಲಿದೆ.

ಕೆಳಗಿಳಿದು ಶೌಚಾಲಯಕ್ಕೆ ಹೋದೆ. ಅಲ್ಲಿ ಸಮವಸ್ತ್ರದ ಕೋಟು ಹಾಕಿಕೊಂಡ ಹೆಂಗಸೊಬ್ಬಳು ನೆಲ ಒರೆಸ್ತಿದ್ದಳು. ಫೋನಿನಲ್ಲಿ ಅವ್ವನ ಜೊತೆ ನಾನು ಮಾತಾಡಿದ್ದು ಕೇಳಿ, "ನೀವು ಬೀದರ್ ಕಡೇರೇನ್ರಿ ಅಕ್ಕಾ?" ಅಂದಳು. ಹೌದು ಅಂದೆ. "ನಮ್ದು ಚಿಂಚೋಳಿ ಬಾಜೂಕರಿ. ನಾವೂ ಸಭಾದವ್ರೇ. ವರ್ಷಾ ಧಾರೂರ ಜಾತ್ರಿಗಿ ಹೋಗ್ತೀವಿ. ಹೋದ ಸಲ ಆಗ್ಲಿಲ್ಲ, ಇಲ್ಲಿ ದುಡೀಲಕ್ಕ ಬಂದೀವಿ." ಆಮೇಲೆ ಹಾಲಿನ ಕಡೆ ಕತ್ತು ತಿರುಗಿಸಿ, "ಭಾಳ ಛಂದ ಹಾಡ್ಲತ್ತಾರ. ಬಾಗಲದಾಗ ನಿಂತು ಕೇಳ್ದೆ. ಒಳಗ ಬಿಡ್ತಾರೇನ್ರಿ ನಮಗ?" ಅಂದಳು.

ಬಾ ನನ್ನ ಜೊತೆ ಅಂದೆ. ಅವಳು ನನ್ನ ಕೈಯ ನೀಲಿ ಪಟ್ಟಿ ನೋಡಿದಳು, ತನ್ನ ಬರಿಗೈ ನೋಡಿದಳು. "ಬ್ಯಾಡ್ರಿ, ಸೂಪರ್‌ವೈಸರ್ ಬೈತಾನ" ಅಂದು ಮತ್ತೆ ಬಕೆಟ್ ಎತ್ತಿದಳು. ಒಳಗೆ ಅವಳ ದೇವರಿಗೇ ಹಾಡ್ತಿದ್ದರು. ಅವಳು ಒರೆಸಿದ ನೆಲದ ಮೇಲೇ ನಿಂತು.

ರೂಮಿಗೆ ಹೋಗಿ ಆ ಪಟ್ಟಿ ಕತ್ತರಿಸಿ ಹಾಕಿದೆ. ಮೂರನೇ ದಿನ ಹೋಗಲಿಲ್ಲ. ಆದರೆ ಇದನ್ನ ಪ್ರತಿಭಟನೆ ಅಂತ ಹೇಳ್ಕೊಳ್ಳಲ್ಲ. ಯಾರಿಗೂ ಕಾರಣ ಹೇಳಲಿಲ್ಲ, ತಲೆನೋವು ಅಂದೆ. ಎರಡನೇ ಸುಳ್ಳು.

ಇದೇನು ಹೊಸ ಕಥೆ ಅಲ್ಲ. ಕೇರಳದ ಪೊಯ್ಕಯಿಲ್ ಅಪ್ಪಚ್ಚನ್ ನೂರು ವರ್ಷದ ಹಿಂದೆಯೇ ಚರ್ಚಿನಿಂದ ಚರ್ಚಿಗೆ ಅಲೆದು, ಎಲ್ಲೂ ದಲಿತರಿಗೆ ಸಮಾನ ಜಾಗ ಇಲ್ಲ ಅಂತ ಕಂಡು, 1909ರಲ್ಲಿ ಪ್ರತ್ಯಕ್ಷ ರಕ್ಷಾ ದೈವ ಸಭಾ ಕಟ್ಟಿದರು. ತಮಿಳುನಾಡಿನ ತಿರುಚ್ಚಿಯ ಮೇಲಪುದೂರಿನಲ್ಲಿ ಸತ್ತ ಮೇಲೂ ಬೇರೆ ಬೇರೆ ಮಲಗಲಿ ಅಂತ ಕ್ರೈಸ್ತರ ಸ್ಮಶಾನದ ನಡುವೆ ಗೋಡೆ ಕಟ್ಟಿದ್ದರು. 2018ರಲ್ಲಿ ಕೊಟ್ಟಾಯಂನ ಕೆವಿನ್ ಅನ್ನೋ ದಲಿತ ಕ್ರೈಸ್ತ ಹುಡುಗ ಪ್ರೀತಿಸಿ ಮದುವೆಯಾದ ತಪ್ಪಿಗೆ ಹೆಣವಾದ. ಹುಡುಗಿಯ ಅಣ್ಣನೂ ಸೇರಿ ಹತ್ತು ಜನರಿಗೆ ಶಿಕ್ಷೆ ಆಯ್ತು, ನ್ಯಾಯಾಲಯವೇ ಅದನ್ನ ಮರ್ಯಾದೆಗೇಡು ಹತ್ಯೆ ಅಂತು. ಬಾಬಾಸಾಹೇಬರು ಕೂಡ ಮತಾಂತರಗೊಂಡವರ ಸ್ಥಿತಿ ಬಗ್ಗೆ ಬರೆಯುವಾಗ ಇದನ್ನೇ ಕೇಳಿದ್ದು. ಅಸ್ಪೃಶ್ಯರು ಕ್ರೈಸ್ತರಾದ ಮೇಲೂ ಜಾತಿ ಹೋಗಲಿಲ್ಲ, ಅದರ ವಿರುದ್ಧ ಹೋರಾಡುವ ಕಿಚ್ಚೂ ಕಡಿಮೆಯಾಯ್ತಲ್ಲ, ಯಾಕೆ ಅಂತ. ಓದಿದಾಗ ಕೋಪ ಬಂದಿತ್ತು. ಆ ಸಂಜೆ ಪೆನ್ನು ಹಿಡಿದು ಗೆರೆ ಎಳೆದಾಗ ಅವರು ಹೇಳಿದ್ದು ನನ್ನ ಬಗ್ಗೆಯೇ ಅಂತ ಗೊತ್ತಾಯ್ತು.

ಆ ವರ್ಷದ ನವೆಂಬರಿನಲ್ಲಿ ಅವ್ವ "ಧಾರೂರಿಗಿ ಬರ್ತೀ ಇಲ್ಲೊ?" ಅಂದಳು. ಹೋದೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಧಾರೂರು ಇರೋದು ತೆಲಂಗಾಣದ ವಿಕಾರಾಬಾದ್ ಹತ್ತಿರ. ಪ್ರತಿ ನವೆಂಬರಿನಲ್ಲಿ ಮೆಥೋಡಿಸ್ಟ್ ಸಭೆಯವರ ದೊಡ್ಡ ಜಾತ್ರೆ, ಸುಮಾರು ನೂರು ವರ್ಷದಿಂದ ನಡ್ಕೊಂಡು ಬಂದಿದೆ. ಹೌದು, ಕ್ರೈಸ್ತರದ್ದೇ, ಆದರೆ ಕರೆಯೋದು ಜಾತ್ರೆ ಅಂತಲೇ. ನಿಜಾಮರ ಕಾಲದಲ್ಲಿ ಬೀದರೂ ವಿಕಾರಾಬಾದೂ ಒಂದೇ ಹೈದರಾಬಾದ್ ಸಂಸ್ಥಾನ. 1956ರಲ್ಲಿ ಗಡಿ ಎಳೆದಾಗ ನಾವು ಈ ಕಡೆ ಬಂದ್ವಿ, ಜಾತ್ರೆ ಆ ಕಡೆ ಉಳೀತು. ನಮ್ಮವರು ಗಡಿ ಲೆಕ್ಕಿಸಲಿಲ್ಲ. ಬೀದರ್, ಹುಮನಾಬಾದ್, ಚಿಂಚೋಳಿ ಕಡೆಯಿಂದ ಈಗಲೂ ಜನ ಹೋಗ್ತಾರೆ. ನಮ್ಮ ಆಯಿ ಎತ್ತಿನ ಬಂಡಿಯಲ್ಲಿ ಹೋಗ್ತಿದ್ದಳು, ಜೋಳ, ಒಣ ಕಟ್ಟಿಗೆ, ಹಾಸಿಗೆ ಎಲ್ಲ ಹೇರಿಕೊಂಡು. ನಾವು ರೈಲಿಗೆ ಹೋದ್ವಿ, ಜಹೀರಾಬಾದ್ ಮೇಲೆ.

ಮರಗಳ ಕೆಳಗೆ ಸೀರೆ, ಚಾದರ, ತಾಡಪಾಲು ಕಟ್ಟಿಕೊಂಡು ಸಂಸಾರಗಳು ಇಳಿದಿದ್ದವು. ಮೂರು ಕಲ್ಲಿನ ಒಲೆ. ತೆಲುಗು, ಕನ್ನಡ, ಮರಾಠಿ, ದಖನಿ ಉರ್ದು ಎಲ್ಲ ಕಲಸಿದ ಮಾತು. ಒಂದು ಮರದ ಕೆಳಗೆ ಢೋಲಕ್ ಮತ್ತು ತಾಳ, ಇನ್ನೊಂದರ ಕೆಳಗೆ ಹಾರ್ಮೋನಿಯಂ. ಹುಷಾರಿಲ್ಲದ ಮಗುವನ್ನ ಮಡಿಲಲ್ಲಿ ಹಾಕಿಕೊಂಡು ಕೂತ ತಾಯಂದಿರು, ಹರಕೆ ಹೊತ್ತವರು, ಬಳೆ ಅಂಗಡಿ, ಬೆಂಡು ಬತ್ತಾಸು. ಧೂಳು ಅಂದ್ರೆ ಧೂಳು. ಕೈಗೆ ಪಟ್ಟಿ ಇಲ್ಲ. ನೇಟಿವ್ ಯಾವುದು ಅಂತ ಯಾರೂ ಕೇಳಲಿಲ್ಲ. ಕೇಳಿದರೂ ಊರು ತಿಳ್ಕೊಂಡು "ನಮ್ಮ ಬೀಗರು ಅಲ್ಲೇ ಅದಾರ" ಅನ್ನೋಕೆ ಅಷ್ಟೇ.

ಸಂಜೆ ಅವ್ವ ರೊಟ್ಟಿ ಬಡೀತಾ ಕೇಳಿದಳು:

"ಬೆಂಗಳೂರಾಗ ಅಷ್ಟು ಮಂದಿ ಮುಂದ ಏನ್ ಸಾಕ್ಷಿ ಹೇಳ್ದಿ?"

"ಆಫ್ರಿಕಾದ್ದು ಹೇಳ್ದೆ."

"ನಮ್ದು?"

"ನಮ್ದು ಹೇಳ್ಲಿಲ್ಲವ್ವ. ಬ್ಯಾಡ ಅಂದ್ರು."

ಅವ್ವ ಬೈಯಲಿಲ್ಲ. ರೊಟ್ಟಿ ಮಗುಚಿ ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ ಆಯಿಯ ಕಥೆ ತೆಗೆದಳು. ಆಯಿ ಹೊಸದಾಗಿ ಮದುವೆಯಾಗಿ ಬಂದಾಗ ನಮ್ಮ ಕೇರಿಗೆ ಒಬ್ಬ ಬೈಬಲ್ ಹೇಳೋ ಹೆಂಗಸು ಬಂದಿದ್ದಳಂತೆ. ಬಿಸಿಲು. ನೀರು ಕೇಳಿದಳು. ಆಯಿ ಕೊಡಲಿಲ್ಲ, ನಮ್ಮ ಮನಿ ನೀರು ನೀವು ಕುಡಿಯಂಗಿಲ್ಲ ಅಂದಳು. ಆ ಹೆಂಗಸು ತಾನೇ ಒಳಗೆ ಬಂದು ಕೊಡದಿಂದ ತುಂಬಿಕೊಂಡು ಕುಡಿದಳು. "ನಿಮ್ಮ ಆಯಿ ಹಾಡಿಗಿ ನಂಬಿದಾಕಿ ಅಲ್ಲ. ನೀರಿಗಿ ನಂಬಿದಾಕಿ" ಅಂದಳು ಅವ್ವ.

ಬೆಂಗಳೂರಿನ ಹಾಲಿನಲ್ಲಿ ನಾನು ಹೇಳಬೇಕಿದ್ದದ್ದು ಇಷ್ಟೇ ಅಲ್ವಾ? ನಮ್ಮ ಮನೆಗೆ ಸುವಾರ್ತೆ ಬಂದದ್ದು ಜಾತಿ ಇಲ್ಲ ಅನ್ನೋ ಮಾತಿನಿಂದ ಅಲ್ಲ. ಜಾತಿ ಇದೆ ಅಂತ ಗೊತ್ತಿದ್ದೂ ಅದನ್ನ ದಾಟಿ ಬಂದು ನೀರು ಕುಡಿದ ಒಬ್ಬಳಿಂದ. ಇಲ್ಲ ಅಂದಿದ್ದರೆ ಅವಳು ದಾಟಬೇಕಾದ ಹೊಸ್ತಿಲೇ ಇರ್ತಿರಲಿಲ್ಲ. ಬೈಬಲಿನ ಆಮೋಸ ಪ್ರವಾದಿ, ಕುರಿ ಕಾಯುವವನು, ನ್ಯಾಯ ಇಲ್ಲದ ಕಡೆ ದೇವರಿಗೆ ನಿಮ್ಮ ಹಬ್ಬವೂ ಬೇಡ ಹಾಡೂ ಬೇಡ ಅಂತ ಸಾರಿದವನು. ಆ ಮೂರು ದಿನ ಆ ಪುಸ್ತಕ ಯಾರೂ ತೆರೆದದ್ದು ನನಗೆ ನೆನಪಿಲ್ಲ.

ಜಾತ್ರೆಯಿಂದ ಬಂದು ಸ್ವಲ್ಪ ದಿನಕ್ಕೇ, ನವೆಂಬರ್ 26ಕ್ಕೆ, ಸಂವಿಧಾನ ದಿನದಂದೇ ಸುಪ್ರೀಂ ಕೋರ್ಟಿನ ಒಂದು ತೀರ್ಪು ಬಂತು. ಪುದುಚೇರಿಯ ಒಬ್ಬ ಹೆಣ್ಣುಮಗಳು ಕ್ರೈಸ್ತ ನಂಬಿಕೆಯಲ್ಲಿದ್ದುಕೊಂಡು ಪರಿಶಿಷ್ಟ ಜಾತಿಯ ಪ್ರಮಾಣಪತ್ರ ಕೇಳೋದು ಸಂವಿಧಾನಕ್ಕೆ ಮಾಡುವ ವಂಚನೆ ಅಂತ. ಕಾನೂನಿನ ಬೇರು ಎಲ್ಲಿದೆ ಅಂತ ಗೊತ್ತಿರಲಿ. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದ ಮೂರನೇ ಪ್ಯಾರಾ. ಹಿಂದೂ ಅಲ್ಲದವರು ಪರಿಶಿಷ್ಟ ಜಾತಿ ಅಲ್ಲ ಅಂತು. 1956ರಲ್ಲಿ ಸಿಖ್ಖರನ್ನ, 1990ರಲ್ಲಿ ಬೌದ್ಧರನ್ನ ಸೇರಿಸಿದರು. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಪ್ಯಾರಾ ತೆಗೀರಿ ಅಂತು. ತೆಗೀಲಿಲ್ಲ. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು, ಅದರ ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಗಿದೆ. ನಮ್ಮ ರಾಜ್ಯದಲ್ಲಿ ಕ್ರೈಸ್ತರಾದ ಪರಿಶಿಷ್ಟರನ್ನ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಮೇಲೆ ಬಿದ್ದು ಜಾತಿ ಹಿಡಿದು ಬಡಿದರೆ ದೌರ್ಜನ್ಯ ತಡೆ ಕಾಯ್ದೆ ನಮಗೆ ಇಲ್ಲ. ಬಡಿಯುವವನು ಮಾತ್ರ ನಮ್ಮ ಬ್ಯಾಪ್ಟಿಸಂ ಪತ್ರ ನೋಡಿ ಕೈ ತಡೆಯಲ್ಲ.

ಇದರಲ್ಲಿ ನನ್ನನ್ನ ಹೆಚ್ಚು ಕಾಡಿದ್ದು ಒಂದು ಹಳೇ ಕೇಸು. 1985ರ ಸೂಸೈ ಪ್ರಕರಣ. ಮದ್ರಾಸಿನ ರಸ್ತೆ ಬದಿ ಚಪ್ಪಲಿ ಹೊಲೀತಿದ್ದ ಆದಿ ದ್ರಾವಿಡ ಕ್ರೈಸ್ತ. ಚಪ್ಪಲಿ ಹೊಲೆಯುವ ಪರಿಶಿಷ್ಟರಿಗೆ ಸರ್ಕಾರ ಸಣ್ಣ ಗೂಡಂಗಡಿ ಪುಕ್ಕಟೆ ಕೊಡ್ತಿತ್ತು. ಇವನಿಗೆ ಇಲ್ಲ ಅಂದರು, ಕ್ರೈಸ್ತ ಅಂತ. ಅದೇ ರಸ್ತೆ, ಅದೇ ಉಳಿ, ಅದೇ ಚರ್ಮ. ಅವನು ಸುಪ್ರೀಂ ಕೋರ್ಟಿನ ತನಕ ಹೋದ. ಕ್ರೈಸ್ತರಾದ ಮೇಲೂ ಜಾತಿಯ ಕಷ್ಟ ಅಷ್ಟೇ ಆಳವಾಗಿ ಮುಂದುವರಿದಿದೆ ಅನ್ನೋದಕ್ಕೆ ಸಾಕಷ್ಟು ಸಾಕ್ಷ್ಯ ಇಲ್ಲ ಅಂತ ಅರ್ಜಿ ವಜಾ ಆಯ್ತು.

ಸಾಕ್ಷ್ಯ ಇಲ್ಲ. ಈ ಮಾತನ್ನ ನಾನು ರಾತ್ರಿಯೆಲ್ಲ ಮಗುಚಿ ಹಾಕಿದೆ. ಕೋರ್ಟು ಕೇಳಿದ್ದು ಸಾಕ್ಷಿ. ಚರ್ಚಿನ ವೇದಿಕೆ ನನ್ನಿಂದ ಕೇಳಿದ್ದೂ ಸಾಕ್ಷಿ. ಎರಡಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಪದ. ನಮ್ಮೊಳಗೆ ಜಾತಿ ಇಲ್ಲ ಅಂತ ಸಾವಿರಾರು ಜನ ಕೈಯೆತ್ತಿ ಹಾಡುವಾಗ, ಇದೆ ಅಂತ ಹೇಳಬೇಕಾದವಳು ನಾನು, ಅದನ್ನ ಅಡ್ಡ ಗೆರೆ ಎಳೆದು ನುಂಗಿದೆ. ಸೂಸೈಯಂಥವರ ಅರ್ಜಿ ಬಿದ್ದುಹೋಗೋದು ಕೋರ್ಟಿನಲ್ಲಿ ಮಾತ್ರ ಅಲ್ಲ, ಇಂಥ ವೇದಿಕೆಗಳಲ್ಲೂ ಬಿದ್ದುಹೋಗ್ತದೆ. ನನ್ನ ಮುತ್ಯಾನೂ ಅದೇ ಉಳಿ ಹಿಡಿದವನು.

ಇನ್ನು ಸಮೀಕ್ಷೆಯ ವಿಷಯ. 2025ರ ಸೆಪ್ಟೆಂಬರಿನಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ನಡೀತಲ್ಲ, 60 ಪ್ರಶ್ನೆಯದ್ದು. ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಅಂತ ಸೇರಿದ್ದಕ್ಕೆ ಎಷ್ಟು ಗದ್ದಲ ಆಯ್ತು ನೋಡಿದ್ದೀರಿ. ಇದು ಮತಾಂತರಕ್ಕೆ ಕುಮ್ಮಕ್ಕು ಅಂತ ಒಂದು ಕಡೆ. ಕ್ರೈಸ್ತರಲ್ಲಿ ಜಾತಿಯೇ ಇಲ್ಲ ಅಂತ ನಮ್ಮದೇ ಕೆಲವು ದೊಡ್ಡವರು ಇನ್ನೊಂದು ಕಡೆ. ಇಬ್ಬರೂ ಸೇರಿ ನಮ್ಮನ್ನ ಪಟ್ಟಿಯಿಂದ ಒರೆಸೋಕೆ ನಿಂತಂಗೆ ಕಾಣ್ತಿತ್ತು.

ಮನೆಮನೆಯಲ್ಲಿ ಭಯ. ನಮ್ಮ ಕಡೆ ಒಂದೇ ಮನೆಯಲ್ಲಿ ಒಬ್ಬರ ಶಾಲಾ ದಾಖಲೆಯಲ್ಲಿ ಹಿಂದೂ ಮಾದಿಗ, ಇನ್ನೊಬ್ಬರದ್ದರಲ್ಲಿ ಕ್ರಿಶ್ಚಿಯನ್. ಮೇಷ್ಟ್ರು ಏನು ಬರೆದರೋ ಅದೇ ಹಣೆಬರಹ. ಕಾಗದದಲ್ಲಿ ಒಂದು, ಭಾನುವಾರ ಒಂದು ಅಂತ ಬದುಕ್ತಿರೋರನ್ನ ನಾನು ಕಳ್ಳರು ಅನ್ನಲ್ಲ. ಹಾಸ್ಟೆಲ್ ಸೀಟು, ಫೀಸು, ಒಂದು ನೌಕರಿ, ಇಷ್ಟಕ್ಕೆ ದೇವರನ್ನ ಬಚ್ಚಿಡುವ ಹಂಗೆ ಮಾಡಿದ ಆದೇಶವನ್ನ ಬೈತೀನಿ. ಅವರ ಹೆಸರು ಕೇಳಬೇಡಿ, ಹೇಳಲ್ಲ.

ನಮ್ಮನೆಗೆ ಬಂದ ಮೇಷ್ಟ್ರು ಮೊಬೈಲ್ ಹಿಡ್ಕೊಂಡು ಕೂತರು. ನಾನು ಬಾಯಿ ತೆರೆಯೋದಕ್ಕಿಂತ ಮೊದಲೇ ಅವ್ವ ಹೇಳಿದಳು:

"ಧರ್ಮ ಕ್ರೈಸ್ತ ಬರೀರಿ. ಜಾತಿ ಮಾದಿಗ ಬರೀರಿ."

"ಯವ್ವಾ, ಎರಡೂ ಹ್ಯಾಂಗ ಆಗ್ತದ?" ಅಂದರು ಅವರು.

"ಆಗ್ಯಾದಲ್ಲರಿ. ನಿಮ್ಮ ಮುಂದೇ ಕುಂತೀನಿ ನೋಡ್ರಿ."

ಮೇಷ್ಟ್ರು ನಕ್ಕು ಬರಕೊಂಡರು. ನಾನು ಒಳಗೆ ಹೋಗಿ ಅವರಿಗೆ ನೀರು ತಂದೆ. ಕುಡಿದರು.

ಏಳು ನಿಮಿಷದಲ್ಲಿ, ಐದಾರು ಸಾವಿರ ಜನರ ಮುಂದೆ, ಮೈಕ್ ಕೊಟ್ಟರೂ ನನ್ನ ಕೈಲಿ ಆಗದ್ದನ್ನ ಅವ್ವ ಪಡಸಾಲೆಯಲ್ಲಿ ಕೂತು ಎರಡು ವಾಕ್ಯದಲ್ಲಿ ಮುಗಿಸಿದಳು.

ಚರ್ಚಿನ ಬಂಧುಗಳೇ, ನಿಮ್ಮ ಮೇಲೆ ದ್ವೇಷ ಇಲ್ಲ, ನಾನೂ ಭಾನುವಾರ ನಿಮ್ಮ ಪಕ್ಕದ ಬೆಂಚಿನಲ್ಲೇ ಇರ್ತೀನಿ. ಪ್ರತಿ ಆಗಸ್ಟ್ 10ನ್ನ ದಲಿತ ಕ್ರೈಸ್ತರು ಕರಾಳ ದಿನ ಅಂತ ಆಚರಿಸ್ತಾರೆ. ಅವತ್ತಾದರೂ ನಿಮ್ಮ ಪುಲ್ಪಿಟ್ಟಿನಿಂದ ಆ ಪಾಪದ ಹೆಸರು ಹೇಳಿ. ಮುಂದಿನ ಸಮ್ಮೇಳನಕ್ಕೆ ನೆಲ ಒರೆಸುವವರಿಗೂ ಒಂದು ಪಟ್ಟಿ ಕೊಡಿ. ಸಂಘಟನೆಯ ಗೆಳೆಯರೇ, ನೀಲಿ ಬಾವುಟದ ಕೆಳಗೆ ನಿಂತಾಗ "ನೀನು ಕ್ರಿಶ್ಚಿಯನ್ ಅಲ್ವಾ" ಅಂತ ನಮ್ಮನ್ನ ಅರ್ಧ ಹೆಜ್ಜೆ ಹಿಂದೆ ನಿಲ್ಲಿಸಬೇಡಿ. ಕೇರಿಯಲ್ಲಿ ನಮ್ಮ ಮನೆ ನಿಮ್ಮ ಮನೆಗೆ ಅಂಟಿಕೊಂಡೇ ಇದೆ.

ಆ ಚಿಂಚೋಳಿ ಕಡೆಯ ತಂಗಿ ಇದನ್ನ ಓದ್ತಾಳೋ ಇಲ್ಲೋ. ನಾನು ವೇದಿಕೆಯಲ್ಲಿ ಹೇಳದೆ ಬಿಟ್ಟ ಸಾಕ್ಷಿ ಇದು. ತಡವಾಯ್ತು, ಕ್ಷಮಿಸು ತಂಗಿ.

ಜೈ ಭೀಮ್.